ಹರೆಯದ ನಿದ್ದೆ: ವಯೋಧರ್ಮ ಯಾವುದು, ಕಾಯಿಲೆ ಯಾವುದು?

ಹೈಸ್ಕೂಲು ಮುಟ್ಟಿದ ಮಕ್ಕಳಿರುವ ಮನೆಗಳಲ್ಲಿ ಬೆಳಗಿನ ಹೊತ್ತು ಕೇಳಿಬರುವ ಮಾತುಗಳು ಹೆಚ್ಚೂಕಡಿಮೆ ಒಂದೇ ಬಗೆಯವು. ರಾತ್ರಿ 11 ಆದರೂ ಮಲಗುವುದಿಲ್ಲ, ಬೆಳಗ್ಗೆ ನಾಲ್ಕು ಸಲ ಕೂಗಿದರೂ ಏಳುವುದಿಲ್ಲ. ಭಾನುವಾರವಂತೂ ಬಿಸಿಲು ಏರಿದರೂ ಹೊದಿಕೆ ಸರಿಯುವುದಿಲ್ಲ. ಅಜ್ಜ ಕುಂಭಕರ್ಣನೆಂದು ಹೆಸರಿಡುತ್ತಾರೆ, ತಂದೆ ಮೊಬೈಲನ್ನು ದೂರುತ್ತಾರೆ, ಪೂಜೆಯ ಹೊತ್ತು ಮೀರಿತೆಂದು ತಾಯಿ ಕೊರಗುತ್ತಾರೆ. ಕೆಲವೇ ವರ್ಷಗಳ ಹಿಂದೆ ಕೋಳಿ ಕೂಗುವ ಮುನ್ನ ತಾನೇ ಎದ್ದು ಮನೆಮಂದಿಯನ್ನೆಲ್ಲ ಎಬ್ಬಿಸುತ್ತಿದ್ದ ಮಗು ಇದೇನೇ ಎಂದು ಎಲ್ಲರಿಗೂ ಅಚ್ಚರಿ.

ಮಗು ಅದೇ. ಬದಲಾಗಿರುವುದು ಅದರ ಮೈಯೊಳಗಿನ ಗಡಿಯಾರ. ಹದಿಹರೆಯದ ಮಕ್ಕಳ ನಿದ್ದೆಯ ಬಗ್ಗೆ ನಾವು ಬೈಯುವುದರಲ್ಲಿ ಹೆಚ್ಚಿನ ಪಾಲು ಆ ವಯಸ್ಸಿನ ಧರ್ಮ. ಉಳಿದ ಸ್ವಲ್ಪ ಪಾಲು ನಿಜವಾದ ಕಾಯಿಲೆ. ಎರಡನ್ನೂ ‘ಸೋಮಾರಿತನ’ ಎಂಬ ಒಂದೇ ಚೀಲಕ್ಕೆ ತುಂಬಿದಾಗ ಎರಡು ಅನ್ಯಾಯಗಳಾಗುತ್ತವೆ. ಆರೋಗ್ಯವಂತ ಮಗು ಸುಮ್ಮನೆ ಬೈಗುಳ ತಿನ್ನುತ್ತದೆ. ರೋಗವಿರುವ ಮಗುವಿಗೆ ಚಿಕಿತ್ಸೆ ತಡವಾಗುತ್ತದೆ.

ಮೆದುಳಿನ ತಳಭಾಗದಲ್ಲಿ, ಎರಡು ಕಣ್ಣುಗಳ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ, ಅಕ್ಕಿಕಾಳಿಗಿಂತಲೂ ಚಿಕ್ಕದಾದ ನರಕೋಶಗಳ ಗುಂಪೊಂದಿದೆ. ಹಗಲು-ರಾತ್ರಿಗಳ ಲೆಕ್ಕವಿಡುವ ಗಡಿಯಾರ ಅದು. ಕಣ್ಣಿಗೆ ಬಿದ್ದ ಬೆಳಕೇ ಅದಕ್ಕೆ ಕೀಲಿ. ಕತ್ತಲಾಗುತ್ತಿದ್ದಂತೆ ಅದರ ಅಪ್ಪಣೆಯ ಮೇರೆಗೆ ಪೀನಿಯಲ್ ಗ್ರಂಥಿಯು ಮೆಲಟೋನಿನ್ ಎಂಬ ರಸವನ್ನು ಸ್ರವಿಸುತ್ತದೆ. ಮೈಗೆ ರಾತ್ರಿಯಾಯಿತೆಂಬ ಸುದ್ದಿ ಮುಟ್ಟುವುದು ಹೀಗೆ. ಪ್ರೌಢಾವಸ್ಥೆ ಆರಂಭವಾದಾಗ ಈ ಸುದ್ದಿ ಒಂದರಿಂದ ಎರಡು ಗಂಟೆ ತಡವಾಗಿ ಬರತೊಡಗುತ್ತದೆ. ಜೊತೆಗೆ, ಎಚ್ಚರವಿದ್ದಷ್ಟೂ ಮೆದುಳಿನಲ್ಲಿ ಕೂಡಿಕೊಂಡು ಕಣ್ಣೆಳೆಯುವ ನಿದ್ದೆಯ ಭಾರವೂ ಈ ವಯಸ್ಸಿನಲ್ಲಿ ನಿಧಾನವಾಗಿ ಏರುತ್ತದೆ. ಹೀಗಾಗಿ 9ಕ್ಕೇ ಮಲಗುತ್ತಿದ್ದ ಮಗುವಿಗೆ ಈಗ 10.30 ದಾಟಿದರೂ ಕಣ್ಣು ಕೂರುವುದಿಲ್ಲ. ಸ್ಮಾರ್ಟ್‌ಫೋನುಗಳು ಬರುವುದಕ್ಕೆ ಮೊದಲೇ ವಿಜ್ಞಾನಿಗಳು ಇದನ್ನು ಗುರುತಿಸಿದ್ದರು. ಆದ್ದರಿಂದ ತಪ್ಪೆಲ್ಲ ಮೊಬೈಲಿನದೇ ಅಲ್ಲ. ಅದು ಉರಿಯುವ ಬೆಂಕಿಗೆ ತುಪ್ಪ ಸುರಿಯುತ್ತದೆ ಅಷ್ಟೆ. ಇಪ್ಪತ್ತರ ಆಸುಪಾಸಿನವರೆಗೂ ಗಡಿಯಾರ ಹೀಗೆ ಹಿಂದೆ ಬಿದ್ದಿದ್ದು ಆಮೇಲೆ ಮೆಲ್ಲನೆ ಮುಂದಕ್ಕೆ ಸರಿಯುತ್ತದೆ.

ಮಲಗುವ ಹೊತ್ತು ತಡವಾಯಿತೆಂದರೆ ಬೇಕಾಗುವ ನಿದ್ದೆಯ ಪ್ರಮಾಣವೂ ಕಡಿಮೆಯಾಯಿತೇ? ಬೆಳೆದ ಮಕ್ಕಳಿಗೆ ಕಡಿಮೆ ನಿದ್ದೆ ಸಾಕೆಂದೇ ಹಿಂದೆ ತಿಳಿಯಲಾಗಿತ್ತು. 1970ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮೇರಿ ಕಾರ್ಸ್‌ಕೇಡನ್ ಎಂಬ ಸಂಶೋಧಕಿ ಬೇಸಿಗೆ ಶಿಬಿರವೊಂದನ್ನು ನಡೆಸಿ, ಅದೇ ಮಕ್ಕಳನ್ನು ವರ್ಷವರ್ಷವೂ ಕರೆಸಿ, ರಾತ್ರಿ 10ರಿಂದ ಬೆಳಗಿನ 8ರವರೆಗೆ ಮಲಗಲು ಬಿಟ್ಟು ನಿದ್ದೆಯನ್ನು ಅಳೆದರು. ಮಕ್ಕಳು ದೊಡ್ಡವರಾದಂತೆ ನಿದ್ದೆ ಇಳಿಯಬಹುದೆಂಬುದು ನಿರೀಕ್ಷೆ. ಆದದ್ದೇ ಬೇರೆ: ಚಿಕ್ಕವರೂ ದೊಡ್ಡವರೂ ಸರಿಸುಮಾರು ಒಂಬತ್ತು ಗಂಟೆಗಿಂತ ಸ್ವಲ್ಪ ಹೆಚ್ಚೇ ಮಲಗಿದರು. ಅಷ್ಟು ಮಲಗಿದ ಮೇಲೂ, ಹರೆಯಕ್ಕೆ ಕಾಲಿಟ್ಟವರು ಮಧ್ಯಾಹ್ನದ ಹೊತ್ತಿಗೆ ಚಿಕ್ಕವರಿಗಿಂತ ಹೆಚ್ಚು ತೂಕಡಿಸಿದರು. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ, 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ ನಿದ್ದೆ ಬೇಕೆಂದು 2016ರಲ್ಲಿ ಅಮೆರಿಕದ ನಿದ್ರಾವೈದ್ಯರ ಅಕಾಡೆಮಿ ತಿಳಿಸಿತು. ನಮ್ಮ ವೈದ್ಯರೂ ಈ ಅಳತೆಯನ್ನೇ ಹೇಳುವುದುಂಟು.

ಈಗ ನಮ್ಮ ಮಕ್ಕಳ ಲೆಕ್ಕ ನೋಡೋಣ. ಎಸ್.ಎಸ್.ಎಲ್.ಸಿ. ಅಥವಾ ಪಿ.ಯು.ಸಿ. ಓದುವ ಹುಡುಗ ರಾತ್ರಿ 11.30ಕ್ಕೆ ಪುಸ್ತಕ ಮುಚ್ಚಿ, ಟ್ಯೂಷನ್ನಿಗೋ ಹಳ್ಳಿಯ ಮೊದಲ ಬಸ್ಸಿಗೋ 5ಕ್ಕೆ ಎದ್ದರೆ ಸಿಕ್ಕ ನಿದ್ದೆ ಐದೂವರೆ ಗಂಟೆ. ಕನಿಷ್ಠ ಎಂಟು ಬೇಕಿದ್ದಲ್ಲಿ ದಿನಕ್ಕೆ ಎರಡೂವರೆ ಗಂಟೆಯ ಸಾಲ. ವಾರದ ಆರು ದಿನಕ್ಕೆ ಹದಿನೈದು ಗಂಟೆ. ಭಾನುವಾರ 10ರವರೆಗೆ ಮಲಗಿದ್ದು ಆ ಸಾಲದ ಬಡ್ಡಿಗೂ ಸಾಲದು. ಅಷ್ಟೇ ಅಲ್ಲ, ಅಂದು ಬೆಳಗಿನ ಬೆಳಕು ಕಣ್ಣಿಗೆ ಬೀಳದೆ ಗಡಿಯಾರ ಇನ್ನಷ್ಟು ಹಿಂದೆ ಸರಿದು, ರಾತ್ರಿ ನಿದ್ದೆ ಬಾರದೆ, ಸೋಮವಾರ ಎಲ್ಲ ದಿನಗಳಿಗಿಂತ ಕಷ್ಟವಾಗುತ್ತದೆ. ಹೆಣ್ಣುಮಕ್ಕಳ ಪಾಡು ಒಂದು ಕೈ ಹೆಚ್ಚು. ಎಷ್ಟೋ ಮನೆಗಳಲ್ಲಿ ಅಣ್ಣ ಮಲಗಿರುವಾಗಲೇ ತಂಗಿ ಎದ್ದು ಅಂಗಳ ಗುಡಿಸಿ, ನೀರು ತುಂಬಿ, ಆಮೇಲೆ ಪುಸ್ತಕ ಹಿಡಿಯಬೇಕು. ಅವಳನ್ನು ಯಾರೂ ಸೋಮಾರಿ ಎನ್ನುವುದಿಲ್ಲ. ಆದರೆ ಅವಳ ನಿದ್ದೆಯ ಲೆಕ್ಕ ಇಡುವವರೂ ಇಲ್ಲ.

ಶಾಲೆಯ ಹೊತ್ತನ್ನೇ ಬದಲಿಸಿದ ನಾಡುಗಳುಂಟು. ಹೈಸ್ಕೂಲುಗಳು 8.30ಕ್ಕಿಂತ ಮೊದಲು ಆರಂಭವಾಗಬಾರದೆಂದು ಕ್ಯಾಲಿಫೋರ್ನಿಯ ರಾಜ್ಯ 2019ರಲ್ಲಿ ಕಾನೂನು ಮಾಡಿ 2022ರಿಂದ ಜಾರಿಗೆ ತಂದಿತು. ನೆರೆಯ ಮಹಾರಾಷ್ಟ್ರ 2024ರಲ್ಲಿ ನಾಲ್ಕನೆಯ ತರಗತಿಯವರೆಗಿನ ಶಾಲೆಗಳು 9ಕ್ಕೆ ಮುಂಚೆ ತೆರೆಯಬಾರದೆಂದು ಆದೇಶಿಸಿತು. ಬೆಳಗ್ಗೆ ಏಳಲು ಹೆಚ್ಚು ಕಷ್ಟಪಡುವ ದೊಡ್ಡ ಮಕ್ಕಳು ಆ ಆದೇಶದ ಹೊರಗೇ ಉಳಿದದ್ದು ಸೋಜಿಗ.

ಬೇಗ ಏಳುವುದು ನಮ್ಮ ಮಠಗಳ, ಪ್ರಸಾದನಿಲಯಗಳ, ಹಿರಿಯರ ಮನೆಗಳ ಶಿಸ್ತು. ಅದನ್ನು ಬಿಡಬೇಕೆಂದು ಈ ಲೇಖನ ಹೇಳುತ್ತಿಲ್ಲ. ಆದರೆ ಆ ಶಿಸ್ತು ಹುಟ್ಟಿದ ಕಾಲದಲ್ಲಿ ಇನ್ನೊಂದು ಶಿಸ್ತೂ ಅದರ ಜೊತೆಗಿತ್ತು: ಉಂಡ ಮೇಲೆ ದೀಪ ಸಣ್ಣದಾಗುತ್ತಿತ್ತು, ಊರು ಮಲಗುತ್ತಿತ್ತು. ನಾವು ಏಳುವ ಹೊತ್ತನ್ನು ಉಳಿಸಿಕೊಂಡು ಮಲಗುವ ಹೊತ್ತನ್ನು ಕಳೆದುಕೊಂಡಿದ್ದೇವೆ. 5ಕ್ಕೆ ಏಳಿಸುವ ಮನೆಯಲ್ಲಿ, ನಿಲಯದಲ್ಲಿ, 9ಕ್ಕೆ ದೀಪ ಆರಬೇಕು. ಅದು ಆಗದಿದ್ದರೆ 6ಕ್ಕೆ ಏಳಿಸುವುದೇ ನ್ಯಾಯ. ದೊಡ್ಡವರು 11ರವರೆಗೆ ಧಾರಾವಾಹಿ ನೋಡುವ ಎರಡು ಕೋಣೆಯ ಮನೆಯಲ್ಲಿ ಮಗುವಿನ ನಿದ್ದೆಯ ಹೊತ್ತನ್ನು ನಿರ್ಧರಿಸುವುದು ಟಿ.ವಿ.ಯೇ ಹೊರತು ಮಗುವಲ್ಲ.

ಹಿಂದೆ ಸರಿದ ಗಡಿಯಾರವನ್ನು ಸ್ವಲ್ಪ ಮುಂದಕ್ಕೆ ತರಲು ಸಾಧ್ಯವಿದೆ. ಅದಕ್ಕೆ ಬೆಳಕೇ ಮದ್ದು. ಎದ್ದ ಅರ್ಧ ಗಂಟೆಯೊಳಗೆ ಮಗು ಅಂಗಳಕ್ಕೋ ಮಹಡಿಗೋ ಹೋಗಿ ಬಯಲಿನ ಬೆಳಕಿನಲ್ಲಿ ಸ್ವಲ್ಪ ಹೊತ್ತು ಇರಲಿ. ಹೂ ಬಿಡಿಸುವ ಕೆಲಸವಾದರೂ ಸರಿ. ಸಂಜೆ ಇದಕ್ಕೆ ತಿರುವುಮುರುವು: ಮಲಗುವ ಒಂದು ಗಂಟೆ ಮೊದಲು ದೊಡ್ಡ ದೀಪಗಳು ಆರಲಿ, ಮೊಬೈಲು ನಡುಮನೆಯಲ್ಲಿ ಚಾರ್ಜಿಗೆ ಹೋಗಲಿ. ಮಕ್ಕಳದಷ್ಟೇ ಅಲ್ಲ, ತಂದೆ-ತಾಯಿಯದೂ. ಸಂಜೆ 4ರ ನಂತರ ಚಹಾ-ಕಾಫಿ ಬೇಡ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಐದು ಗಂಟೆ ಕಳೆದರೂ ರಕ್ತದಲ್ಲಿ ಇರುತ್ತದೆ. ಶಾಲೆಯಿಂದ ಬಂದು ಕೋಳಿನಿದ್ದೆ ಮಾಡುವುದಾದರೆ ಅರ್ಧ ಗಂಟೆಗೆ ಎಬ್ಬಿಸಿ. ರಜೆಯ ದಿನ ಒಂದು ಗಂಟೆ ಹೆಚ್ಚು ಮಲಗಲಿ, ಮೂರು ಗಂಟೆಯಲ್ಲ. ರಾತ್ರಿಯಿಡೀ ಓದುವ ಹಟಕ್ಕೆ ಒಂದೇ ಉತ್ತರ: ಹಗಲು ಓದಿದ್ದನ್ನು ಮೆದುಳು ನೆನಪಿನಲ್ಲಿ ಗಟ್ಟಿಮಾಡಿಕೊಳ್ಳುವುದು ನಿದ್ದೆಯಲ್ಲೇ.

ಇಷ್ಟನ್ನೂ ಎರಡು-ಮೂರು ವಾರ ಪಾಲಿಸಿ, ಎಂಟೊಂಬತ್ತು ಗಂಟೆ ಮಲಗಿದ ಮೇಲೂ ಮಗು ತರಗತಿಯಲ್ಲಿ ತೂಕಡಿಸುತ್ತಿದ್ದರೆ ಅದನ್ನು ವಯೋಧರ್ಮವೆಂದು ಬಿಡಲಾಗದು. ಇನ್ನು ಕೆಲವು ಲಕ್ಷಣಗಳಿಗೆ ಅಷ್ಟು ದಿನವೂ ಕಾಯಬಾರದು.

ಅವುಗಳಲ್ಲಿ ಹೆಚ್ಚಾಗಿ ಕಣ್ತಪ್ಪಿ ಹೋಗುವುದು ಒಂದು ಬಗೆಯ ಮೂರ್ಛೆರೋಗ. ಇದು ಆರಂಭವಾಗುವುದೇ ಹೆಚ್ಚಾಗಿ 12ರಿಂದ 18ರ ವಯಸ್ಸಿನಲ್ಲಿ. ಹೊರಗೆ ತರುವುದು ನಿದ್ದೆಗೇಡು. ಪರೀಕ್ಷೆಯ ದಿನಗಳಲ್ಲಿ ತಡರಾತ್ರಿ ಓದಿ ಬೇಗ ಎದ್ದ ಮಗುವಿನ ತೋಳುಗಳು ಎದ್ದ ಸ್ವಲ್ಪ ಹೊತ್ತಿನಲ್ಲಿ ಸರಕ್ಕನೆ ಜಗ್ಗುತ್ತವೆ. ಹಲ್ಲುಜ್ಜುವ ಬ್ರಷ್ಷು ಹಾರಿಬೀಳುತ್ತದೆ, ಲೋಟದ ಕಾಫಿ ಚೆಲ್ಲುತ್ತದೆ, ಬಾಚಣಿಗೆ ಕೈ ತಪ್ಪುತ್ತದೆ. ಪ್ರಜ್ಞೆ ಮಾತ್ರ ಪೂರ್ತಿ ಇರುತ್ತದೆ. ಗಾಬರಿಯೆಂದೋ ನಿಗಾ ಇಲ್ಲವೆಂದೋ ಮನೆಯವರು ಗದರುತ್ತಾರೆ. ತಿಂಗಳುಗಳು ಕಳೆದು ಒಂದು ಬೆಳಗ್ಗೆ ಮಗು ಮೈಯೆಲ್ಲ ಸೆಳೆದು ಎಚ್ಚರ ತಪ್ಪಿ ಬಿದ್ದಾಗಲೇ ವಿಷಯ ಬಯಲಾಗುವುದು. ವೈದ್ಯರು ಇದನ್ನು ಜುವೆನೈಲ್ ಮಯೋಕ್ಲೋನಿಕ್ ಎಪಿಲೆಪ್ಸಿ ಎನ್ನುತ್ತಾರೆ. ನಿದ್ದೆಗೆ ಜಾರುವ ಕ್ಷಣದಲ್ಲಿ ಒಮ್ಮೆ ಮೈ ಬೆಚ್ಚುವುದು ಎಲ್ಲರಿಗೂ ಸಹಜ, ಅದಕ್ಕೆ ಅಂಜಬೇಕಿಲ್ಲ. ಎದ್ದ ಮೇಲೆ ಕೈ ಜಗ್ಗುವುದು ಸಹಜವಲ್ಲ. ವೈದ್ಯರಿಗೆ ಬರೀ ‘ಫಿಟ್ಸ್ ಬಂತು’ ಎಂದು ಹೇಳಿ ಬರಬೇಡಿ, ಬೆಳಗಿನ ಈ ಜಗ್ಗುವಿಕೆಯನ್ನು ತಪ್ಪದೆ ತಿಳಿಸಿ. ಏಕೆಂದರೆ ಬೇರೆ ಬಗೆಯ ಮೂರ್ಛೆಗೆ ಒಳ್ಳೆಯದಾದ ಕೆಲವು ಔಷಧಿಗಳು ಇದನ್ನು ಹೆಚ್ಚಿಸಬಲ್ಲವು. ಸರಿಯಾದ ಔಷಧಿಯಿಂದ ಬಹುಪಾಲು ಮಕ್ಕಳಲ್ಲಿ ಇದು ಹತೋಟಿಗೆ ಬರುತ್ತದೆ. ಅವರು ಓದಿ, ದುಡಿದು, ಎಲ್ಲರಂತೆ ಬಾಳುತ್ತಾರೆ. ಆದರೆ ಔಷಧಿಯನ್ನು ತಾವಾಗಿ ನಿಲ್ಲಿಸುವಂತಿಲ್ಲ, ನಿದ್ದೆ ಕೆಡುವಂತಿಲ್ಲ. ಶಿವರಾತ್ರಿಯ ಜಾಗರಣೆ, ರಾತ್ರಿಯ ಜಾತ್ರೆ, ಮದುವೆಮನೆಯ ಗದ್ದಲ ಇವೆಲ್ಲದರಿಂದ ಇಂಥ ಮಗುವಿಗೆ ವಿನಾಯಿತಿ ಇರಲಿ. ಆರೋಗ್ಯವಂತ ಮಗು ವರ್ಷಕ್ಕೊಂದು ರಾತ್ರಿ ಜಾಗರಣೆ ಮಾಡಿ ಮರುದಿನ ಮಲಗಿದರೆ ಕೇಡಿಲ್ಲ. ಈ ಮಗುವಿಗೆ ಆ ಒಂದು ರಾತ್ರಿಯೇ ಹೆಚ್ಚು. ಮೂರ್ಛೆ ಬಂದಾಗ ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ಚಮಚ ತುರುಕುವುದು ಬೇಡ. ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಿರಿ.

ಗೊರಕೆ ಗಾಢನಿದ್ದೆಯ ಗುರುತೆಂಬ ನಂಬಿಕೆ ನಮ್ಮಲ್ಲಿದೆ. ವಾರದ ಹೆಚ್ಚಿನ ರಾತ್ರಿ ಜೋರಾಗಿ ಗೊರೆಯುವ, ನಡುವೆ ಉಸಿರು ಕಟ್ಟಿದಂತಾಗಿ ಮತ್ತೆ ಬಿಕ್ಕಿ ಉಸಿರೆಳೆಯುವ, ಬಾಯಿ ತೆರೆದು ಮಲಗುವ, ಬೆಳಗ್ಗೆ ತಲೆನೋವೆನ್ನುವ ಮಗುವಿಗೆ ಗಾಢನಿದ್ದೆಯೇ ಸಿಗುತ್ತಿರುವುದಿಲ್ಲ. ದಪ್ಪಗಾದ ಟಾನ್ಸಿಲ್, ಮೂಗಿನ ಹಿಂದಿನ ಗ್ರಂಥಿ ಅಥವಾ ಮೈಯ ಬೊಜ್ಜು ಕಾರಣವಾಗಿರಬಹುದು. ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಬೇಕು.

ಮಲಗಿದ ಮೇಲೆ ಕಾಲಲ್ಲಿ ಏನೋ ಹರಿದಾಡಿದಂತಾಗಿ, ಕಾಲಾಡಿಸದೆ ಇರಲಾಗದೆ ಒದ್ದಾಡುವ ಮಕ್ಕಳಲ್ಲಿ ಕಬ್ಬಿಣಾಂಶದ ಕೊರತೆಯನ್ನು ಮೊದಲು ಪರೀಕ್ಷಿಸಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19ರ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇತ್ತು. ಸುಸ್ತು, ಹಗಲುನಿದ್ದೆಗೆ ಇದೂ ಒಂದು ಕಾರಣ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯನ್ನು ಮಕ್ಕಳು ನುಂಗುತ್ತಿದ್ದಾರೆಯೇ ಕೇಳಿ. ಊಟದ ಬೆನ್ನಿಗೇ ಚಹಾ ಕುಡಿದರೆ ಅನ್ನ-ಸೊಪ್ಪಿನ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ನಿದ್ದೆಯ ಜೊತೆಗೆ ತೂಕ ಏರಿಕೆ, ಚಳಿ ತಾಳದಿರುವುದು, ಮುಟ್ಟಿನ ಏರುಪೇರು ಇದ್ದರೆ ಥೈರಾಯಿಡ್ ಪರೀಕ್ಷೆಯೂ ಆಗಲಿ.

ನಗುವಾಗ ಇದ್ದಕ್ಕಿದ್ದಂತೆ ಮಂಡಿ ಕುಸಿಯುವುದು, ಮಾತನಾಡುತ್ತಲೇ ನಿದ್ದೆಗೆ ಬೀಳುವುದು ನಾರ್ಕೊಲೆಪ್ಸಿ ಎಂಬ ಅಪರೂಪದ ನರರೋಗದ ಲಕ್ಷಣ. ಎಚ್ಚರವಾದರೂ ಕೈಕಾಲು ಆಡದೆ, ಎದೆಯ ಮೇಲೆ ಯಾರೋ ಕೂತಂತೆ ತೋರುವುದು ಈ ರೋಗದಲ್ಲೂ ಉಂಟು, ಬರೀ ನಿದ್ದೆಗೆಟ್ಟ ಆರೋಗ್ಯವಂತರಲ್ಲೂ ಉಂಟು. ಗಾಳಿ ಸೋಕಿತೆಂದು ತಾಯಿತ ಕಟ್ಟುವ ಮೊದಲು ಮಗು ಎಷ್ಟು ಗಂಟೆ ಮಲಗುತ್ತಿದೆ ಎಂದು ಎಣಿಸಿ.

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತೇವೆ. ಹಾಗಾದರೆ ನಿದ್ದೆ ಕೆಟ್ಟ ಮಗುವಿನ ಚಿಂತೆ ಯಾವುದೆಂದು ಕೇಳಬೇಡವೇ? ಎರಡು ವಾರಕ್ಕೂ ಮೇಲ್ಪಟ್ಟು ಮಂಕಾಗಿದ್ದು, ಗೆಳೆಯರನ್ನು, ಆಟವನ್ನು, ಊಟವನ್ನು ಬಿಟ್ಟು, ಹಗಲೆಲ್ಲ ಹಾಸಿಗೆ ಹಿಡಿದ ಅಥವಾ ನಡುರಾತ್ರಿ ಎದ್ದು ಕೂರುವ ಮಗುವಿಗೆ ಖಿನ್ನತೆ ಇರಬಹುದು. ಇದಕ್ಕೆ ತದ್ವಿರುದ್ಧವಾಗಿ, ಮೂರು ಗಂಟೆಯಷ್ಟೇ ಮಲಗಿಯೂ ದಣಿವಿಲ್ಲದೆ, ಮಾತು ನಿಲ್ಲದೆ, ಅತಿ ಹುರುಪಿನಲ್ಲಿ ದಿನಗಳನ್ನು ಕಳೆಯುವುದೂ ಮನೋವೈದ್ಯರಿಗೆ ತೋರಿಸಬೇಕಾದ ಸ್ಥಿತಿ. ಸಾಯುವ ಮಾತು ಮಗುವಿನ ಬಾಯಿಂದ ಬಂದರೆ ಅದನ್ನು ಬೆದರಿಕೆಯೆಂದು ತಳ್ಳಿಹಾಕದೆ, ಒಂಟಿಯಾಗಿ ಬಿಡದೆ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು.

ತುರ್ತಿಲ್ಲದ ತೊಂದರೆಗಳಿಗೆ ಮೊದಲು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೋ ಮಕ್ಕಳ ವೈದ್ಯರನ್ನೋ ಕಂಡರಾಯಿತು. ಅಂಗಡಿಯಿಂದ ನಿದ್ದೆ ಮಾತ್ರೆಯನ್ನಾಗಲಿ, ನಿದ್ದೆ ಬರಿಸುವ ಕೆಮ್ಮಿನ ಔಷಧಿಯನ್ನಾಗಲಿ ತಂದು ಕೊಡಬೇಡಿ. ಈಗ ಅಂಗಡಿಯಲ್ಲಿ ಸಿಗುವ ಮೆಲಟೋನಿನ್ ಕೂಡ ವೈದ್ಯರು ಹೇಳಿದರಷ್ಟೇ. ಹೋಗುವಾಗ ಎರಡು ವಾರದ ಲೆಕ್ಕ ಬರೆದ ಹಳೆಯ ನೋಟ್‌ಬುಕ್ಕೊಂದು ಕೈಯಲ್ಲಿರಲಿ: ಮಲಗಿದ ಹೊತ್ತು, ನಿದ್ದೆ ಹತ್ತಿದ ಹೊತ್ತು, ರಾತ್ರಿ ಎಚ್ಚರವಾದದ್ದು, ಎದ್ದ ಹೊತ್ತು, ಹಗಲಿನ ಜೋಂಪು, ಕಾಫಿ-ಚಹಾ ಕುಡಿದ ವೇಳೆ, ಗೊರಕೆ ಕೇಳಿಸಿತೇ, ಬೆಳಗ್ಗೆ ಕೈ ಜಗ್ಗಿತೇ. ಬರೆಯುವ ಕೆಲಸ ಮಗುವಿಗೇ ಇರಲಿ. ಗೊರಕೆಯ ಸಾಲನ್ನು ಮಾತ್ರ ತಾಯಿಯೋ ಅಜ್ಜಿಯೋ ತುಂಬಬೇಕು.