ಎರಡೂ ಕಡೆ ಒಂದೇ ಸಮ ಇರಲೇಬೇಕೆ?
ಸ್ತನಗಳ ಗಾತ್ರದ ವ್ಯತ್ಯಾಸ, ಆಪರೇಷನ್ ಮತ್ತು ಆರೈಕೆ



ಸಾಲದ ಅರ್ಜಿ ಬಂದಾಗ "ಯಾವ ಉದ್ದೇಶಕ್ಕೆ?" ಎಂದು ಕೇಳುವುದು ಸಂಘದ ನಿಯಮ. ಒಂದು ಸಭೆಯಲ್ಲಿ ಈ ಪ್ರಶ್ನೆಗೆ ಒಬ್ಬ ಸದಸ್ಯೆ ತಲೆ ತಗ್ಗಿಸಿ ಕುಳಿತುಬಿಟ್ಟರು. ಸಭೆ ಮುಗಿದು ಚಾಪೆ ಮಡಚುವಾಗ ನಮ್ಮನ್ನು ಬದಿಗೆ ಕರೆದು, "ಮಗಳಿಗೆ ಆಪರೇಷನ್ ಮಾಡಿಸ್ಬೇಕು. ಎದೆ ಒಂದು ಕಡೆ ಬೆಳೆದೇ ಇಲ್ಲ. ಎಲ್ಲರ ಎದುರಿಗೆ ಹೇಗೆ ಹೇಳ್ಲಿ?" ಎಂದರು. 19 ವರ್ಷದ ಆ ಹುಡುಗಿ ಕಡು ಬೇಸಿಗೆಯಲ್ಲೂ ದುಪಟ್ಟಾ ತೆಗೆಯುತ್ತಿರಲಿಲ್ಲ. ಇಷ್ಟವಾದ ಕಬಡ್ಡಿಯನ್ನೂ ಬಿಟ್ಟಿದ್ದಳು.

ತಾಯಿ ಮಗಳು ಇಬ್ಬರ ಒಪ್ಪಿಗೆ ಪಡೆದು, ಗುರುತು ಹೇಳದೆ ಇದನ್ನು ಬರೆಯುತ್ತಿದ್ದೇವೆ. ನಾಚಿಕೆಯಿಂದ ಬಾಯಿ ಮುಚ್ಚಿಕೊಂಡವರು ಇನ್ನೂ ಇರಬಹುದು.

ವ್ಯತ್ಯಾಸ ಯಾಕೆ?

ಒಂದೇ ಕೈ ತಟ್ಟಿದ ಎರಡು ರೊಟ್ಟಿ ಒಂದೇ ಸಮ ಇರುವುದಿಲ್ಲ. ಹೆಚ್ಚಿನ ಹೆಂಗಸರ ಎರಡು ಸ್ತನಗಳ ನಡುವೆಯೂ ಸ್ವಲ್ಪ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಅದು ರೋಗವಲ್ಲ. ಮೈನೆರೆಯುವ ವಯಸ್ಸಿನಲ್ಲಿ ಒಂದು ಮುಂದಾಗಿ, ಇನ್ನೊಂದು ನಿಧಾನವಾಗಿ ಬೆಳೆದು, ಆಮೇಲೆ ಸರಿಹೋಗುವುದೂ ಉಂಟು. ಆದ್ದರಿಂದ ಬೆಳವಣಿಗೆ ನಿಲ್ಲುವವರೆಗೆ, ಅಂದರೆ ಸುಮಾರು 18 ವರ್ಷದವರೆಗೆ, ವೈದ್ಯರು ಸಾಮಾನ್ಯವಾಗಿ ಆಪರೇಷನ್‌ಗೆ ಅವಸರ ಮಾಡುವುದಿಲ್ಲ.

ಕೆಲವರಲ್ಲಿ ವ್ಯತ್ಯಾಸ ತುಂಬಾ ಇರುತ್ತದೆ. ಹುಟ್ಟಿನಿಂದಲೇ ಒಂದು ಕಡೆಯ ಎದೆಯ ಸ್ನಾಯು ಇಲ್ಲದಿರಬಹುದು, ಚಿಕ್ಕಂದಿನಲ್ಲಿ ಸುಟ್ಟ ಗಾಯ ಆಗಿರಬಹುದು, ಇಲ್ಲವೇ ಕ್ಯಾನ್ಸರ್ ಆಪರೇಷನ್ ಆಗಿರಬಹುದು.

ಇನ್ನೊಂದು ಕಾರಣ ನಮ್ಮ ಮನೆಗಳಲ್ಲೇ ಇದೆ. ತಾಯಿಯ ಹಾರ್ಮೋನುಗಳಿಂದ ಹಸುಗೂಸಿನ ಎದೆ, ಗಂಡಾಗಲಿ ಹೆಣ್ಣಾಗಲಿ, ಸ್ವಲ್ಪ ಊದಿಕೊಳ್ಳಬಹುದು, ಒಂದೆರಡು ಹನಿ ಹಾಲೂ ಬರಬಹುದು. ಕೆಲವು ವಾರಗಳಲ್ಲಿ ಅದು ತಾನಾಗಿ ಇಳಿಯುತ್ತದೆ. ಆದರೆ ಎಣ್ಣೆ ಹಚ್ಚಿ ಎರೆಯುವಾಗ "ಹಾಲು ತೆಗೀಬೇಕು" ಅಂತ ಹಿಂಡುವ ರೂಢಿ ಇದೆ. ಹಿಂಡಿದರೆ ಸೋಂಕು ತಗಲಿ ಕೀವು ತುಂಬಬಹುದು. ಆ ಕೀವಿನಿಂದ ಅಥವಾ ಅದನ್ನು ಕೊಯ್ಯುವಾಗ ಸ್ತನದ ಮೊಗ್ಗಿಗೆ ಪೆಟ್ಟಾದರೆ, ಮುಂದೆ ಆ ಕಡೆ ಸರಿಯಾಗಿ ಬೆಳೆಯುವುದಿಲ್ಲ. ವೈದ್ಯರು ಕೇಳಿದಾಗ ಈ ತಾಯಿಗೆ ನೆನಪಾದದ್ದು ಅದೇ: ಮಗು ಹದಿನೈದು ದಿನದ್ದಿದ್ದಾಗ ಎದೆಯ ಕೀವು ಕೊಯ್ಸಿದ್ದರು. "ಯಾರೂ ಬೇಕಂತ ಮಾಡಿದ್ದಲ್ಲ, ಒಳ್ಳೇದಕ್ಕೇ ಅಂತ ಮಾಡಿದ್ದು" ಎಂದು ಅತ್ತರು. ಬಾಣಂತಿ ಇರುವ ಮನೆಗೆ ಹೋದಾಗಲೆಲ್ಲ ಹೇಳಿ: ಮಗುವಿನ ಎದೆ ಹಿಂಡಬೇಡಿ.

ತಡ ಮಾಡಬಾರದ ಸಂದರ್ಭ

ಮೊದಲು ಸರಿಯಿದ್ದ ಸ್ತನದ ಗಾತ್ರ ಈಗ ಬದಲಾದರೆ, ಗಂಟು ಸಿಕ್ಕರೆ, ಚರ್ಮ ಗುಳಿಬಿದ್ದರೆ, ತೊಟ್ಟು ಒಳಗೆ ಎಳೆದುಕೊಂಡರೆ, ರಕ್ತ ಬಂದರೆ ಕೂಡಲೇ ವೈದ್ಯರಿಗೆ ತೋರಿಸಿ. ಕ್ಯಾನ್ಸರ್ ಅಲ್ಲ ಎಂದು ಖಚಿತಪಡಿಸಿಕೊಳ್ಳಬೇಕು.

ಆಪರೇಷನ್‌ಗೆ ಮೊದಲು

ದೊಡ್ಡದನ್ನು ಚಿಕ್ಕದು ಮಾಡಬಹುದು. ಚಿಕ್ಕದರಲ್ಲಿ ಇಂಪ್ಲಾಂಟ್ ಎನ್ನುವ ಸಿಲಿಕಾನ್ ಚೀಲ ಇಡಬಹುದು. ಮೈಯ ಬೇರೆ ಭಾಗದ ಕೊಬ್ಬು ತೆಗೆದು ತುಂಬಬಹುದು. ಇದನ್ನು ಪ್ಲಾಸ್ಟಿಕ್ ಸರ್ಜರಿ ತಜ್ಞರೇ ಮಾಡಬೇಕು. ಇವನ್ನು ಕೇಳಿ ತಿಳಿದುಕೊಳ್ಳಿ:

1. ಒಟ್ಟು ಖರ್ಚು ಎಷ್ಟು? ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಬರೀ ಅಂದಕ್ಕಾಗಿ ಮಾಡುವ ಆಪರೇಷನ್‌ಗೆ ಹಣ ಸಿಗುವುದಿಲ್ಲ. ಕಾರ್ಡ್ ಇದೆ ಅಂತ ನಂಬಿ ಹೋಗಬೇಡಿ.
2. ಮುಂದೆ ಮಗುವಿಗೆ ಹಾಲು ಕೊಡಲು ತೊಂದರೆ ಆಗಬಹುದೇ? ಕೆಲವು ವಿಧಾನಗಳಲ್ಲಿ ಆಗಬಹುದು.
3. ಇಂಪ್ಲಾಂಟ್ ಜೀವನಪರ್ಯಂತ ಬರುತ್ತದೆಯೇ? ಇಲ್ಲ. ಮುಂದೆ ಬದಲಿಸಬೇಕಾಗಬಹುದು, ಮತ್ತೆ ಖರ್ಚು ಬರುತ್ತದೆ.

ಹೊಗೆಸೊಪ್ಪು, ಬೀಡಿ ಅಭ್ಯಾಸ ಇದ್ದರೆ ಕೆಲವು ವಾರ ಮೊದಲೇ ಬಿಡಬೇಕು. ತಂಬಾಕಿನಿಂದ ಗಾಯ ಬೇಗ ಮಾಯುವುದಿಲ್ಲ. ಆಪರೇಷನ್ ಬೇಡ ಎನ್ನುವವರು ಬ್ರಾ ಒಳಗೆ ಪ್ಯಾಡ್ ಇಟ್ಟುಕೊಳ್ಳಬಹುದು. ಹೊಲಿಗೆ ಬಲ್ಲವರು ಹತ್ತಿ ಬಟ್ಟೆಯಲ್ಲಿ ಮನೆಯಲ್ಲೇ ಹೊಲಿಯಬಹುದು.

ಮನೆಗೆ ಬಂದ ಮೇಲೆ

ಮರುದಿನದಿಂದಲೇ ಮೆಲ್ಲಗೆ ನಡೆದಾಡಬಹುದು. ಅಂಗಾತ ಮಲಗಬೇಕು. ವೈದ್ಯರು ಹೇಳಿದ ಬಿಗಿ ಬ್ರಾ ಹಗಲು ರಾತ್ರಿ ಹಾಕಿಕೊಳ್ಳಬೇಕು. ಸುಮಾರು 4ರಿಂದ 6 ವಾರ ಭಾರ ಎತ್ತುವಂತಿಲ್ಲ. ಅಂದರೆ ಕೊಡ, ಸೌದೆ ಹೊರೆ, ಒದ್ದೆ ಬಟ್ಟೆಯ ಬಕೆಟ್, ಎತ್ತಿಕೊಳ್ಳಲು ಅಳುವ ಮಗು ಯಾವುದೂ ಬೇಡ.

ಹೇಳುವುದು ಸುಲಭ. ಎರಡನೇ ವಾರ ನಲ್ಲಿಯಲ್ಲಿ ನೀರು ಬಂತು, ಮನೆಯಲ್ಲಿ ಯಾರೂ ಇಲ್ಲ ಅಂತ ನಮ್ಮ ಹುಡುಗಿ ಕೊಡ ಎತ್ತಿದಳು. ರಾತ್ರಿ ಹೊಲಿಗೆ ಹತ್ತಿರ ಊದಿಕೊಂಡು ನೋವು. ಪುನಃ ಆಸ್ಪತ್ರೆಗೆ ಓಡಬೇಕಾಯಿತು. ಅಂದಿನಿಂದ ಆರು ವಾರ ತುಂಬುವವರೆಗೆ ಸಂಘದ ಸದಸ್ಯರು ಸರದಿಯಲ್ಲಿ ಆ ಮನೆಗೆ ನೀರು ತಂದುಕೊಟ್ಟರು. ಯಾವ ಆಪರೇಷನ್ ಅಂತ ಯಾರೂ ಕೇಳಲಿಲ್ಲ.

ಜ್ವರ, ಹೆಚ್ಚುತ್ತಾ ಹೋಗುವ ನೋವು, ಕೆಂಪಾಗುವುದು, ಕೀವು, ಒಂದು ಕಡೆ ಏಕಾಏಕಿ ಊದುವುದು ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ. ಮೀನಖಂಡ ಊದಿ ನೋಯುವುದು, ಉಸಿರು ಕಟ್ಟುವುದು ಆದರಂತೂ ಒಂದು ಕ್ಷಣವೂ ಕಾಯಬೇಡಿ.

ಎಷ್ಟು ನಿರೀಕ್ಷಿಸಬೇಕು?

ಮೂರನೇ ವಾರ ಅವಳು ಕನ್ನಡಿ ಮುಂದೆ ಕುಳಿತು, "ಇಷ್ಟು ಖರ್ಚು ಮಾಡಿದ್ರೂ ಒಂದೇ ಸಮ ಆಗ್ಲಿಲ್ಲ" ಅಂತ ಅತ್ತಳು. ಆಗ ನೋಡಿದರೆ ಹಾಗೇ ಕಾಣುತ್ತದೆ. ಊತ ಪೂರ್ತಿ ಇಳಿದು ಆಕಾರ ನೆಲೆಗೊಳ್ಳಲು 3ರಿಂದ 6 ತಿಂಗಳು, ಕೆಲವರಿಗೆ ಇನ್ನೂ ಹೆಚ್ಚು ಬೇಕು. ಕಲೆ ಮೊದಲು ಕೆಂಪಗಿದ್ದು, ವರ್ಷ ಒಂದೂವರೆ ವರ್ಷದಲ್ಲಿ ಮಾಸುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ. ತೊಟ್ಟಿನ ಸ್ಪರ್ಶ ಕಡಿಮೆಯಾಗಬಹುದು. ಕೆಲವರಿಗೆ ಅದು ಮರಳಿ ಬರುವುದೇ ಇಲ್ಲ. ತೂಕ ಏರಿದರೆ ಇಳಿದರೆ, ಬಸಿರಾದರೆ ಆಕಾರ ಮತ್ತೆ ಬದಲಾಗುತ್ತದೆ.

ಆಪರೇಷನ್ ವ್ಯತ್ಯಾಸವನ್ನು ಕಡಿಮೆ ಮಾಡುತ್ತದೆ, ಅಳಿಸಿಹಾಕುವುದಿಲ್ಲ. ಇದನ್ನು ಮೊದಲೇ ತಿಳಿದವರಿಗೆ ಸಮಾಧಾನ ಬೇಗ ಸಿಗುತ್ತದೆ. "ಗಂಡಿನ ಕಡೆಯವರು ಏನಂತಾರೋ" ಎಂಬ ಹೆದರಿಕೆಯಿಂದ ಮಾಡಿಸಬೇಡಿ. ತೀರ್ಮಾನ ಹುಡುಗಿಯದೇ ಆಗಿರಲಿ.

ಆ ಹುಡುಗಿ ಈಗ ಕಬಡ್ಡಿಗೆ ಮರಳಿದ್ದಾಳೆ. "ಇವತ್ತಿಗೂ ಸ್ವಲ್ಪ ಹೆಚ್ಚುಕಡಿಮೆ ಇದೆ. ಆದ್ರೆ ದಿನಾ ನೋಡೋದು ಬಿಟ್ಟಿದ್ದೀನಿ" ಎನ್ನುತ್ತಾಳೆ. ಸಾಲದ ಕಂತನ್ನು ತಾಯಿ ತಪ್ಪದೆ ಕಟ್ಟುತ್ತಿದ್ದಾರೆ.

ಸಭೆಯಲ್ಲಿ ಚರ್ಚಿಸಿ:
* ಹೇಳಲು ನಾಚಿಕೆಯಾಗುವ ಕಾಯಿಲೆಗೆ ಸಾಲ ಕೇಳುವವರ ಗುಟ್ಟನ್ನು ಸಂಘ ಹೇಗೆ ಕಾಪಾಡಬಹುದು?
* ಆಪರೇಷನ್ ಆದ ಸದಸ್ಯೆಯ ಮನೆಗೆಲಸವನ್ನು ಆರು ವಾರ ಯಾರು ಯಾರು ಹಂಚಿಕೊಳ್ಳಬಹುದು?