ಊರಿಗೇ ಬರುವ ತೊಟ್ಟಿಲು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ‘ತೊಟ್ಟಿಲಾಡಿ ಬಂದೆವು’ ಎಂದರೆ ಜಾತ್ರೆಗೆ ಹೋಗಿ ಬಂದೆವು ಎಂದೇ ಅರ್ಥ. ಇದು ಕೂಸು ಮಲಗಿಸುವ ತೊಟ್ಟಿಲಲ್ಲ. ದೊಡ್ಡ ಗಾಲಿಯ ಅಂಚಿಗೆ ತೂಗುಬಿಟ್ಟ ಪೆಟ್ಟಿಗೆಗಳಲ್ಲಿ ಜನರನ್ನು ಕೂರಿಸಿ ಆಕಾಶಕ್ಕೆತ್ತಿ ಇಳಿಸುವ ಯಂತ್ರ. ಪೇಟೆಯವರ ಬಾಯಲ್ಲಿ ಜೈಂಟ್ ವ್ಹೀಲ್. ಅದರ ಸುತ್ತ ಕೊಲಂಬಸ್ ಹಡಗು, ಬ್ರೇಕ್ ಡ್ಯಾನ್ಸ್, ಟೊರಾಟೊರಾ, ಮಕ್ಕಳ ರೈಲು, ಗಾಳಿ ತುಂಬಿದ ಜಾರುಬಂಡಿ, ಮರಣಬಾವಿ ಸೇರಿದರೆ ಒಂದು ಮೈದಾನ ತುಂಬುತ್ತದೆ. ಇಂಥ ಆಟಗಳಿಗೆಂದೇ ಬಿಡದಿಯಲ್ಲಿ ವಂಡರ್‌ಲಾ ಎಂಬ ಪಾರ್ಕು 2005ರಲ್ಲಿ ಬಾಗಿಲು ತೆರೆಯಿತು. ಹಡಗಲಿಯಿಂದ ಅಲ್ಲಿಗೆ 300 ಕಿಲೋಮೀಟರಿಗೂ ಹೆಚ್ಚು ದಾರಿ. ಬಸ್ಸು, ಊಟ, ಟಿಕೆಟ್ಟು ಎಂದು ಲೆಕ್ಕ ಹಾಕಿದರೆ ಕೂಲಿ ಮಾಡುವ ಸಂಸಾರ ಅತ್ತ ಮುಖ ಮಾಡುವುದು ಕಷ್ಟ. ಜಾತ್ರೆಯ ಮೈದಾನ ತಾನೇ ಲಾರಿ ಏರಿ ಬರುತ್ತದೆ, ಜನರಿದ್ದಲ್ಲಿಗೆ.

ಈ ಐದು ತಾಲ್ಲೂಕುಗಳು 2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಗೆ ಸೇರಿವೆ. ಅದಕ್ಕೆ ಮುಂಚೆ ಬಳ್ಳಾರಿ. ಹರಪನಹಳ್ಳಿಯಂತೂ ನಡುವೆ ಕೆಲವು ವರ್ಷ ದಾವಣಗೆರೆಗೂ ಸೇರಿಕೊಂಡು ಮರಳಿತು. ಜಿಲ್ಲೆಯ ಗಡಿ ಹೀಗೆ ಸರಿದಾಡಿದರೂ ಜಾತ್ರೆಗಳ ಪಂಚಾಂಗ ಕದಲಿಲ್ಲ. ಮಾಘ ಮಾಸದ ಭಾರತ ಹುಣ್ಣಿಮೆಗೆ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಲಿಂಗಪ್ಪನ ಜಾತ್ರೆ. ಅದೇ ಹುಣ್ಣಿಮೆಗೆ ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಬೆಟ್ಟಕ್ಕೂ ಜನ ಏರುತ್ತಾರೆ. ಮಾಘ ಬಹುಳ ದಶಮಿಯ ಹೊತ್ತಿಗೆ, ಮೂಲಾ ನಕ್ಷತ್ರ ಕೂಡಿದಾಗ, ಕೊಟ್ಟೂರಿನ ಗುರು ಬಸವೇಶ್ವರನ ತೇರು. ಅದಾದ ನಾಲ್ಕಾರು ದಿನಕ್ಕೆ ಶಿವರಾತ್ರಿ, ತುಂಗಭದ್ರೆಯ ದಡದ ಕುರುವತ್ತಿಯಲ್ಲಿ ಬಸವಣ್ಣನ ಜಾತ್ರೆ. ಬೇಸಿಗೆಯಲ್ಲಿ ಉಜ್ಜಿನಿಯ ಮರುಳಸಿದ್ಧೇಶ್ವರನ ಗುಡಿಯ ಶಿಖರಕ್ಕೆ ಎಣ್ಣೆ ಎರೆಯುವ ತೈಲಾಭಿಷೇಕ. ಹುಣ್ಣಿಮೆಯಿಂದ ಶಿವರಾತ್ರಿಯವರೆಗಿನ ಎರಡು ವಾರ ತೊಟ್ಟಿಲಿನವರ ಸುಗ್ಗಿ. ಹಿಂಗಾರಿ ಜೋಳ, ಕಡಲೆ ಮನೆ ಸೇರುವ ಹೊತ್ತೂ ಅದೇ ಆದ್ದರಿಂದ ರೈತರ ಕೈಯಲ್ಲೂ ನಾಲ್ಕು ಕಾಸು ಓಡಾಡುತ್ತವೆ.

ತಿರುಗುವ ತೊಟ್ಟಿಲಿಗೆ ಅಮೆರಿಕೆಯೇ ತವರೆಂದು ಹೇಳುವುದುಂಟು. 1893ರಲ್ಲಿ ಷಿಕಾಗೊ ಮೇಳದಲ್ಲಿ ಜಾರ್ಜ್ ಫೆರಿಸ್ 264 ಅಡಿ ಎತ್ತರದ ಉಕ್ಕಿನ ಗಾಲಿ ನಿಲ್ಲಿಸಿದ್ದು ನಿಜ. ಅದರಲ್ಲಿದ್ದದ್ದು 36 ಪೆಟ್ಟಿಗೆ, ಒಮ್ಮೆಗೆ 2,160 ಜನ. ಆದರೆ ಪೀಟರ್ ಮಂಡಿ ಎಂಬ ಇಂಗ್ಲಿಷ್ ಪ್ರವಾಸಿ 1620ರಲ್ಲೇ ಇಂದಿನ ಬಲ್ಗೇರಿಯಾದ ಊರೊಂದರ ಹಬ್ಬದಲ್ಲಿ ಇಂಥ ಮರದ ಗಾಲಿಯನ್ನು ಕಂಡು ಬರೆದಿಟ್ಟಿದ್ದಾನೆ. ಈ ಸೀಮೆಯ ಹಿರಿಯರ ನೆನಪಿನಲ್ಲಿರುವುದು ಫೆರಿಸ್‌ನ ಗಾಲಿಗಿಂತ ಮಂಡಿಯ ಗಾಲಿಗೇ ಹತ್ತಿರ: ಎರಡು ಕಂಬ, ನಡುವೆ ಅಚ್ಚು, ಅಡ್ಡಮರಗಳಿಗೆ ನೇತುಹಾಕಿದ ನಾಲ್ಕು ಪೆಟ್ಟಿಗೆ, ಕೈಯಿಂದ ತಳ್ಳಿ ತಿರುಗಿಸುವ ಇಬ್ಬರು. ಕಿರುಗುಟ್ಟುವ ಅಚ್ಚಿಗೆ ಎಣ್ಣೆ ಬಿಡುವುದೇ ಅದರ ದುರಸ್ತಿ. ಕೊಟ್ಟೂರಿನಲ್ಲಿ ತೊಟ್ಟಿಲು ಮಠವೆಂಬ ಮಠವೇ ಇದೆ. ಅದಕ್ಕೂ ಆಟದ ತೊಟ್ಟಿಲಿಗೂ ಸಂಬಂಧವಿಲ್ಲ. ಆದರೂ ಮಠದಲ್ಲಿ ಕೈಮುಗಿದು ಬಂದು ಮೈದಾನದಲ್ಲಿ ತೊಟ್ಟಿಲೇರುವ ಮಕ್ಕಳಿಗೆ ಎರಡೂ ಒಂದೇ ಜಾತ್ರೆಯ ತುಂಡುಗಳು.

ತೊಟ್ಟಿಲು ಎಂಬ ಹೆಸರು ವ್ಹೀಲ್ ಎಂಬುದಕ್ಕಿಂತ ಚೊಕ್ಕ. ಈ ಯಂತ್ರದ ಗುಟ್ಟು ಗಾಲಿಯಲ್ಲಿಲ್ಲ, ಪೆಟ್ಟಿಗೆ ತೂಗುವ ರೀತಿಯಲ್ಲಿದೆ. ಪೆಟ್ಟಿಗೆಯನ್ನು ಅದರ ತೂಕದ ನಡುವಿಗಿಂತ ಮೇಲೆ ಕೀಲಿಗೆ ಸಿಕ್ಕಿಸಿರುತ್ತಾರೆ. ಹಾಗಾಗಿ ಗಾಲಿ ಎಷ್ಟೇ ತಿರುಗಲಿ, ಕೂತವರ ಕಾಲು ನೆಲಕ್ಕೆ, ತಲೆ ಆಕಾಶಕ್ಕೆ. ಮನೆಯ ಜಂತಿಗೆ ಕಟ್ಟಿದ ಸೀರೆಯ ತೊಟ್ಟಿಲು ಕೂಸನ್ನು ಬೀಳಗೊಡದಿರುವುದೂ ಇದೇ ನೇಮದಿಂದ.

ಊರೂರು ಸುತ್ತುವ ತೊಟ್ಟಿಲುಗಳಿಗೆ ಸಾಮಾನ್ಯವಾಗಿ 12ರಿಂದ 20 ಪೆಟ್ಟಿಗೆ. ಬಿಡಿಬಿಡಿಯಾಗಿ ಲಾರಿಯಲ್ಲಿ ಬರುವ ಕಬ್ಬಿಣವನ್ನು ಮೊದಲು ನೆಲ ನೋಡಿ ಇಳಿಸುತ್ತಾರೆ. ಕೊಟ್ಟೂರು, ಕೂಡ್ಲಿಗಿಯ ಕಡೆಯ ಕೆಂಪು ನೆಲ ಗಟ್ಟಿ. ಎರೆಭೂಮಿಯಾದರೆ ಬಿರುಕು, ಒಂದು ಮಳೆ ಬಿದ್ದರೆ ಕೆಸರು. ಅಡಿಪಾಯದ ತೊಲೆಗಳ ಕೆಳಗೆ ಮರದ ದಿಮ್ಮಿ ತುರುಕಿ ಮಟ್ಟ ಮಾಡಿ, ಎರಡು ಗೋಪುರ ನಿಲ್ಲಿಸಿ, ನಾಲ್ಕೂ ಕಡೆ ತಂತಿಯಿಂದ ಬಿಗಿದು, ಅಚ್ಚು ಏರಿಸಿ, ಅಡ್ಡಪಟ್ಟಿಗಳನ್ನು ಬೋಲ್ಟು ಹಾಕಿ ಜೋಡಿಸುತ್ತಾರೆ. ಪೆಟ್ಟಿಗೆಗಳು ಕೊನೆಗೆ.

ಇನ್ನು ಸ್ವಿಚ್ಚಿನ ಬಳಿ ನಿಲ್ಲುವವನ ವಿಷಯ. ಮೈದಾನದಲ್ಲಿ ಎಲ್ಲರಿಗಿಂತ ಕುಶಲ ಕೆಲಸ ಅವನದು, ಯಾರ ಕಣ್ಣೂ ಅವನ ಮೇಲಿರುವುದಿಲ್ಲ. ಜನರನ್ನು ಸಾಲಾಗಿ ಒಂದೊಂದೇ ಪೆಟ್ಟಿಗೆಗೆ ತುಂಬುತ್ತ ಹೋದರೆ ಗಾಲಿಯ ಒಂದು ಮಗ್ಗುಲು ಭಾರವಾಗಿ ತಾನಾಗಿ ತಿರುಗಿಬಿಡುತ್ತದೆ. ಆದ್ದರಿಂದ ಅವನು ತಕ್ಕಡಿಯ ಲೆಕ್ಕ ಹಿಡಿಯುತ್ತಾನೆ. 16 ಪೆಟ್ಟಿಗೆಯ ತೊಟ್ಟಿಲಾದರೆ ಮೊದಲು ಒಂದನೆಯದು, ಅರ್ಧ ಸುತ್ತು ಬಿಟ್ಟು ಎದುರಿನ ಒಂಬತ್ತನೆಯದು, ಆಮೇಲೆ ಐದು, ಹದಿಮೂರು. ದಪ್ಪ ಮೈಯ ಗೌಡರ ಸಂಸಾರ ಒಂದು ಕಡೆ ಕೂತರೆ ಎದುರು ಪೆಟ್ಟಿಗೆಗೆ ಮೂವರು ಹುಡುಗರ ಬದಲು ಐವರು. ಯಾರನ್ನೂ ತೂಗುವುದಿಲ್ಲ, ಸಾಲಿನಲ್ಲಿ ನಿಂತಾಗಲೇ ನೋಟದಲ್ಲಿ ತೂಕ ಕಟ್ಟಿರುತ್ತಾನೆ. ಇಳಿಸುವಾಗಲೂ ಇದೇ ಅಡ್ಡಸಾಲು. ತಮ್ಮ ಪೆಟ್ಟಿಗೆ ಕೆಳಗೆ ಬಂದರೂ ಇಳಿಸಲಿಲ್ಲವೆಂದು ಕೂಗಾಡುವವರಿಗೆ ಈ ಲೆಕ್ಕ ತಿಳಿದಿರುವುದಿಲ್ಲ. ವೇಗ ಹೆಚ್ಚಿಸುವುದು, ಯಾವ ಪೆಟ್ಟಿಗೆಯಲ್ಲಿ ಅಳು ಕೇಳಿಸಿತೆಂದು ಗುರುತಿಸಿ ತಗ್ಗಿಸುವುದು, ಹೊರಗೆ ಬಾಗಿ ಸೆಲ್ಫಿ ತೆಗೆಯುವವನಿಗೆ ಸೀಟಿ ಊದುವುದು ಎಲ್ಲ ಒಬ್ಬನದೇ.

ಹೊಟ್ಟೆ ಝಲ್ಲೆನ್ನುವುದಕ್ಕೂ ಲೆಕ್ಕವಿದೆ. ಏಳು ಮೀಟರ್ ತ್ರಿಜ್ಯದ ತೊಟ್ಟಿಲು ಹತ್ತು ಸೆಕೆಂಡಿಗೊಂದು ಸುತ್ತು ಹಾಕಿತೆನ್ನಿ. 40 ಕಿಲೋ ತೂಕದ ಹುಡುಗಿಗೆ ನೆತ್ತಿಯಲ್ಲಿ ತಾನು 29 ಕಿಲೋ ಇದ್ದಂತೆ, ಬುಡದಲ್ಲಿ 51 ಕಿಲೋ ಆದಂತೆ ಅನಿಸುತ್ತದೆ. ಐದೈದು ಸೆಕೆಂಡಿಗೊಮ್ಮೆ ಮೈ ಹಗುರಾಗಿ ಭಾರವಾಗುವ ಈ ಏರಿಳಿತವೇ ಚೀರಾಟದ ಮೂಲ. ಲಂಡನ್ನಿನ 135 ಮೀಟರ್ ಎತ್ತರದ ಗಾಲಿ ಒಂದು ಸುತ್ತಿಗೆ ಅರ್ಧ ಗಂಟೆ ತೆಗೆದುಕೊಳ್ಳುತ್ತದೆ. ಅಲ್ಲಿ ಊರು ನೋಡಬಹುದು, ಹೊಟ್ಟೆ ಝಲ್ಲೆನ್ನುವುದಿಲ್ಲ.

ಮರಣಬಾವಿಯದು ಬೇರೆ ಗಣಿತ. ಹಲಗೆ ಜೋಡಿಸಿದ ನೆಟ್ಟಗಿನ ಗೋಡೆ, ಅದರ ಒಳಮೈಗೆ ಬೈಕು. ಒಂಬತ್ತು ಮೀಟರ್ ಅಗಲದ ಬಾವಿಯಲ್ಲಿ ಟಯರು ಜಾರದಿರಲು ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗವಾದರೂ ಬೇಕು. ಹಲಗೆ ನೆನೆದಿದ್ದರೆ ಆ ಲೆಕ್ಕ ಕೆಡುತ್ತದೆ. ಮೇಲಿಂದ ಚಾಚಿದ ನೋಟನ್ನು ಕೈಬಿಟ್ಟ ಸವಾರ ಕಸಿದುಕೊಳ್ಳುವ ಗಳಿಗೆಗೇ ಜನ ಟಿಕೆಟ್ಟು ತೆಗೆಯುತ್ತಾರೆ. ಉಳಿದ ಆಟಗಳು ವರ್ಷವರ್ಷವೂ ವೇಷ ಬದಲಿಸುತ್ತವೆ: ಹೋದ ಸಲದ ರೈಲಿಗೆ ಈ ಸಲ ಡ್ರ್ಯಾಗನ್ ತಲೆ, ಕುದುರೆಯ ಜಾಗಕ್ಕೆ ಕಾರ್ಟೂನ್ ಗೊಂಬೆ, ಬಲ್ಬಿನ ಬದಲು ಎಲ್‌ಇಡಿ ಪಟ್ಟಿ. ಒಳಗಿನ ಕಬ್ಬಿಣ ಅದೇ.

ಜನಸಂದಣಿಯನ್ನು ನಿಭಾಯಿಸುವ ವಿದ್ಯೆಯಲ್ಲಿ ಈ ಸೀಮೆಗೆ ತನ್ನದೇ ಪಾಠವಿದೆ. ಮೈಲಾರದಲ್ಲಿ ಹುಣ್ಣಿಮೆಯಾದ ಮೂರನೇ ದಿನ ಡೆಂಕನಮರಡಿಯಲ್ಲಿ ಕಾರಣಿಕವೆಂಬ ಭವಿಷ್ಯನುಡಿ. ಕಂಬಳಿ ತೊಟ್ಟ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗುತ್ತಾನೆ. ಲಕ್ಷಗಟ್ಟಲೆ ಜನ ಆ ಒಂದೇ ಮಾತಿಗೆ ಗಪ್ಪಾಗುತ್ತಾರೆ. ಎತ್ತಿನ ಕೊರಳ ಗಂಟೆಯ ಸದ್ದಷ್ಟೇ ಉಳಿಯುತ್ತದೆ. ಒಂದು ಸಾಲು ನುಡಿದು ಅವನು ಹಿಂದಕ್ಕೆ ಬೀಳುತ್ತಲೇ ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಮಳೆ ಬೆಳೆಯ ಸೂಚನೆ ಸಿಕ್ಕಿತೆಂದು ಮೈದಾನ ಒಮ್ಮೆಲೇ ಕದಲುತ್ತದೆ. ಅಪಾಯವಿರುವುದು ಮೌನದಲ್ಲಿ ಅಲ್ಲ, ಈ ಕದಲುವಿಕೆಯಲ್ಲಿ. ಒಂದು ಚದರ ಮೀಟರಿನಲ್ಲಿ ಏಳು ಜನ ಸೇರಿದರೆ ಗುಂಪು ನೀರಿನಂತೆ ಹರಿಯತೊಡಗುತ್ತದೆ, ಯಾರ ಕಾಲೂ ಅವರ ಮಾತು ಕೇಳುವುದಿಲ್ಲ ಎಂಬುದು ಸಂದಣಿಯನ್ನು ಅಳೆದವರ ಮಾತು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ 11 ಜನ ಸತ್ತಿದ್ದು ಇಂಥ ನೂಕುನುಗ್ಗಲಿನಲ್ಲೇ.

ಕೊಟ್ಟೂರಿನ ಕಥೆ ಇನ್ನೊಂದು ಬಗೆ. ದಾವಣಗೆರೆ, ಹರಿಹರ, ರಾಣೆಬೆನ್ನೂರು, ಚಿತ್ರದುರ್ಗದ ಕಡೆಯಿಂದ ಜನ ನಡೆದೇ ಬರುತ್ತಾರೆ. ದಾರಿಯುದ್ದಕ್ಕೂ ಮಜ್ಜಿಗೆ, ಅನ್ನ, ಕಾಲಿಗೆ ಎಣ್ಣೆ. ಹೀಗೆ ಎರಡು ಮೂರು ದಿನಗಳಲ್ಲಿ ಹರಡಿಕೊಂಡು ಬರುವ ಜನವನ್ನು ಊರು ತಾಳಿಕೊಳ್ಳುತ್ತದೆ. ತೇರಿನ ಸಂಜೆ ಮಾತ್ರ ಎಲ್ಲರೂ ಒಂದೇ ಕಡೆ. ಮಿಣಿ ಹಿಡಿದವರು ಮುಂದೆ, ಗಾಲಿಗೆ ಸನ್ನೆ ಕೊಡುವವರು ಬದಿಯಲ್ಲಿ, ಉತ್ತತ್ತಿ ಬಾಳೆಹಣ್ಣು ಎಸೆಯುವವರು ಸುತ್ತ. 2017ರ ಫೆಬ್ರುವರಿ 21ರಂದು ಇಲ್ಲಿ ತೇರೇ ಉರುಳಿಬಿದ್ದು ಹಲವರಿಗೆ ಗಾಯವಾಯಿತು. ಎಂದಿನ ವರ್ಷಗಳಲ್ಲಿ ತೇರು ನಿಲುಗಡೆಗೆ ಬಂದದ್ದೇ ತಡ, ಜನವೆಲ್ಲ ಮಿರ್ಚಿ ಮಂಡಕ್ಕಿಯ ಅಂಗಡಿಗಳತ್ತ, ತೊಟ್ಟಿಲಿನತ್ತ ತಿರುಗುತ್ತದೆ. ಆ ಒಂದು ಗಂಟೆ ಸ್ವಿಚ್ಚಿನವನ ಪರೀಕ್ಷೆ. ಟಿಕೆಟ್ಟಿನ ಕಿಟಕಿಗೆ ಒಂದು ಸಾಲು, ಹತ್ತಲು ಒಂದು ಬಾಗಿಲು, ಇಳಿಯಲು ಇನ್ನೊಂದು ಎಂದು ಬೊಂಬು ಕಟ್ಟಿರುತ್ತಾರೆ. ಜನ ಇಳಿಯುವ ಬಾಗಿಲಲ್ಲೇ ಹತ್ತುತ್ತಾರೆ. ತಿಳಿದ ತಾಯಂದಿರು ಮಗುವಿನ ಅಂಗಿಯ ಜೇಬಿನಲ್ಲಿ ಊರು, ಫೋನ್ ನಂಬರು ಬರೆದ ಚೀಟಿ ಇಟ್ಟಿರುತ್ತಾರೆ. ಹಾಗಿಟ್ಟರೆ, ಮಗು ತಪ್ಪಿಸಿಕೊಂಡಾಗ ಮೈಕಿನಲ್ಲಿ ಹೆಸರು ಕೂಗುವವರಿಗೆ ಅರ್ಧ ಕೆಲಸ ಕಡಿಮೆ.

ಆಟದ ಯಂತ್ರಗಳ ಸುರಕ್ಷತೆಗೆ ಐಎಸ್ 15475 ಎಂಬ ಭಾರತೀಯ ಮಾನಕವಿದೆ. ಜನಸಂದಣಿ ನಿರ್ವಹಣೆಗೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2014ರಲ್ಲಿ ಕೈಪಿಡಿ ಹೊರಡಿಸಿದೆ. ಊರ ಹೊರಗೆ ಒಂದೇ ಕಡೆ ಇದ್ದು ದಿನವೂ ಬೋಲ್ಟು ಬಿಗಿಸುವ ಪಾರ್ಕಿಗೆ ಈ ನಿಯಮ ಪಾಲಿಸುವುದು ಸುಲಭ. ವಾರಕ್ಕೊಂದು ಊರಲ್ಲಿ ಬಿಚ್ಚಿ ಕಟ್ಟುವ ತೊಟ್ಟಿಲಿನ ಪ್ರತಿ ಬೋಲ್ಟೂ ವರ್ಷಕ್ಕೆ ಹತ್ತಾರು ಸಲ ಸಡಿಲವಾಗಿ ಬಿಗಿಯಾಗುತ್ತದೆ. ಅದನ್ನು ನೋಡಬೇಕಾದ ಕಣ್ಣು ಜಾತ್ರೆಯ ಮುನ್ನಾದಿನ ಒಮ್ಮೆ ಬಂದು ಸಹಿ ಹಾಕಿ ಹೋದರೆ ಸಾಲದು. ಜಾಗದ್ದು ಇನ್ನೊಂದು ಪಾಡು. ಹಿಂದೆ ಬಯಲಾಗಿದ್ದ ಕಡೆ ಈಗ ಲೇಔಟಿನ ಕಲ್ಲು ನೆಟ್ಟಿದ್ದಾರೆ, ತೊಟ್ಟಿಲು ವರ್ಷವರ್ಷಕ್ಕೂ ಕರೆಂಟಿನ ತಂತಿಗೆ ಹತ್ತಿರವಾಗುತ್ತಿದೆ. ಜಾತ್ರೆ ನಡೆಯುವ ಊರುಗಳು ತೇರುಬೀದಿಯನ್ನು ಕಾಪಾಡಿಕೊಂಡಂತೆ ಆಟದ ಬಯಲನ್ನೂ ಕಾಪಾಡಿಕೊಳ್ಳಬೇಕು. ನೀರು, ಹೆಂಗಸರಿಗೆ ಶೌಚಾಲಯ, ಎರಡು ಅಗಲವಾದ ಹೊರದಾರಿ, ಸ್ವಿಚ್ಚಿನವನಿಗೆ ರಾತ್ರಿ ಪಾಳಿ ಬದಲಿಸಲು ಇನ್ನೊಬ್ಬ ಆಳು: ಇಷ್ಟಕ್ಕೆ ವಂಡರ್‌ಲಾದ ಬಂಡವಾಳ ಬೇಡ.

ಶಿವರಾತ್ರಿ ಕಳೆದರೆ ತೊಟ್ಟಿಲು ಮತ್ತೆ ಬಿಡಿಬಿಡಿಯಾಗಿ ಲಾರಿ ಏರುತ್ತದೆ. ಮೈದಾನದಲ್ಲಿ ದಿಮ್ಮಿ ಊರಿದ ಗುರುತು, ಜನರೇಟರು ನಿಂತಲ್ಲಿ ಎಣ್ಣೆಯ ಕಲೆ ಉಳಿದಿರುತ್ತವೆ. ಕೈಯಿಂದ ತಿರುಗಿಸುವ ಮರದ ತೊಟ್ಟಿಲು ಈಗ ದೊಡ್ಡ ಜಾತ್ರೆಗಳಿಗೆ ಬರುವುದಿಲ್ಲ. ಹಳ್ಳಿಯ ಸಣ್ಣ ಜಾತ್ರೆಯ ಮೂಲೆಯಲ್ಲಿ, ಬೆಂಡು ಬತ್ತಾಸಿನ ಅಂಗಡಿಯ ಪಕ್ಕ, ಅಪರೂಪಕ್ಕೆ ಒಂದು ಸಿಗುತ್ತದೆ. ಅದರಲ್ಲಿ ಕೂರುವವರು ಹೆಚ್ಚಿನಂಶ ಐದು ವರ್ಷದೊಳಗಿನ ಮಕ್ಕಳು.