ನೀಲಿ ಲೇಸರ್ ಕಿರಣ

ನಾರಾಯಣಪುರದಲ್ಲಿ ಕೃಷ್ಣಾನದಿಗೆ ಅಡ್ಡಲಾಗಿ ಬಸವಸಾಗರ ಅಣೆಕಟ್ಟು ಇದೆ. ಮಳೆಗಾಲದಲ್ಲಿ ಅದರ ಬಾಗಿಲುಗಳನ್ನು ತೆರೆದಾಗ ನೀರು ಭೋರ್ಗರೆಯುತ್ತ ಹರಡಿ ಹೋಗುತ್ತದೆ. ಅದೇ ನೀರು ಎಡದಂಡೆ ಕಾಲುವೆಯಲ್ಲಿ ಒಂದೇ ದಾರಿ ಹಿಡಿದು ಹರಿದಾಗ ದೂರದ ಸುರಪುರ, ಶಹಾಪುರಗಳ ಹೊಲಗಳನ್ನು ಮುಟ್ಟುತ್ತದೆ. ಬೆಳಕಿನ ರೀತಿಯೂ ಹೀಗೆಯೇ. ದೀಪದ ಬೆಳಕು ಎಲ್ಲ ದಿಕ್ಕಿಗೂ ಚೆಲ್ಲುತ್ತದೆ. ಅದರಲ್ಲಿ ಹಲವು ಬಣ್ಣಗಳು ಬೆರೆತಿರುತ್ತವೆ. ಒಂದೇ ಬಣ್ಣದ, ಒಂದೇ ದಿಕ್ಕಿನ, ಹೆಜ್ಜೆಗೆ ಹೆಜ್ಜೆ ಕೂಡಿಸಿ ಸಾಗುವ ಅಲೆಗಳ ಬೆಳಕೇ ಲೇಸರ್.

ಶಕ್ತಿ ತುಂಬಿದ ಪರಮಾಣುವಿನ ಬಳಿ ತಕ್ಕ ಬೆಳಕು ಹಾದುಹೋದರೆ, ಆ ಪರಮಾಣುವು ಅಂಥದೇ ಬೆಳಕನ್ನು ಹೊರಸೂಸುತ್ತದೆ. ಈ ತತ್ತ್ವವನ್ನು ಐನ್‌ಸ್ಟೈನರು 1917ರಲ್ಲಿ ಪ್ರತಿಪಾದಿಸಿದರು. ಅಮೆರಿಕದ ಥಿಯೊಡೋರ್ ಮೈಮನ್ ಎಂಬ ವಿಜ್ಞಾನಿ 1960ರಲ್ಲಿ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಕಿರಣವನ್ನು ಹೊಮ್ಮಿಸಿದರು. ಅದರ ಬಣ್ಣ ಕೆಂಪು.

ಇಂದು ಲೇಸರ್ ಗದ್ದೆಗೂ ಇಳಿದಿದೆ. ಗದ್ದೆಯ ಅಂಚಿನಲ್ಲಿ ಮುಕ್ಕಾಲಿಯ ಮೇಲೆ ನಿಂತ ಯಂತ್ರವು ಕಿರಣವನ್ನು ಸುತ್ತಲೂ ತಿರುಗಿಸುತ್ತದೆ. ಟ್ರ್ಯಾಕ್ಟರಿನ ಹಿಂದೆ ಮಣ್ಣು ಹೆರೆಯುವ ಹಲಗೆಗೆ ಜೋಡಿಸಿದ ಸಾಧನವು ಆ ಕಿರಣವನ್ನು ಗುರುತಿಸುತ್ತದೆ. ಅದಕ್ಕೆ ತಕ್ಕಂತೆ ಹಲಗೆ ಏರಿಳಿದು ನೆಲ ಸಮನಾಗುತ್ತದೆ. ಸಮನಾದ ಗದ್ದೆಯಲ್ಲಿ ನೀರು ಒಂದೇ ಮಟ್ಟದಲ್ಲಿ ನಿಂತು ಮಿತವ್ಯಯವಾಗುತ್ತದೆ.

ನೀಲಿ ಲೇಸರ್ ಡಯೋಡು ಬಹುಕಾಲ ಕೈಗೆಟುಕಲಿಲ್ಲ. ನೀಲಿ ಬೆಳಕಿನ ಕಣಕ್ಕೆ ಕೆಂಪಿನದಕ್ಕಿಂತ ಹೆಚ್ಚು ಶಕ್ತಿ ಬೇಕು. ಅದಕ್ಕೆ ತಕ್ಕ ಗ್ಯಾಲಿಯಂ ನೈಟ್ರೈಡ್ ಹರಳನ್ನು ದೋಷವಿಲ್ಲದೆ ಬೆಳೆಸುವುದು ದುಸ್ಸಾಧ್ಯವಾಗಿತ್ತು. ಜಪಾನಿನ ಅಕಸಾಕಿ, ಅಮಾನೊ ಮತ್ತು ನಕಾಮುರ ಅವರ ದೀರ್ಘ ಪರಿಶ್ರಮದಿಂದ ನೀಲಿ ದೀಪ ಸಿದ್ಧಿಸಿತು. ಅದಕ್ಕಾಗಿ 2014ರಲ್ಲಿ ಈ ಮೂವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ಅದೇ ಹರಳಿನ ಹಾದಿಯಲ್ಲಿ ನೀಲಿ ಲೇಸರ್ ಡಯೋಡೂ ಬಂದಿತು.

ಈಗ ಚಿತ್ರ ತೋರಿಸುವ ಪ್ರೊಜೆಕ್ಟರುಗಳಲ್ಲಿ ಬಲವಾದ ನೀಲಿ ಡಯೋಡುಗಳಿರುತ್ತವೆ. ಕೆಲವು ಉತ್ಸಾಹಿಗಳು ಅವನ್ನು ಹೊರತೆಗೆದು, ವಿದ್ಯುತ್ತನ್ನು ಹದದಲ್ಲಿಡುವ ಮಂಡಲ, ಮಸೂರ, ಬ್ಯಾಟರಿಗಳೊಡನೆ ಲೋಹದ ಕೊಳವೆಯಲ್ಲಿ ಕೂಡಿಸಿ ಕೈದೀಪ ಮಾಡುವುದುಂಟು. ಅದರ ಕಿರಣ ಬೆಂಕಿಕಡ್ಡಿಯನ್ನು ಹೊತ್ತಿಸಬಲ್ಲದು. ಆದರೆ ಜೋಡಿಸಿದಷ್ಟು ಸುಲಭವಾಗಿ ಅದರ ಅಪಾಯವನ್ನು ತಡೆಯಲಾಗದು.

ಪಾಠ ಹೇಳುವಾಗ ಬಳಸುವ ಸಾಧಾರಣ ಲೇಸರ್ ಕಡ್ಡಿಯ ಬಲ ಕೆಲವೇ ಮಿಲಿವ್ಯಾಟ್. ಅಂದರೆ ವ್ಯಾಟಿನ ಸಾವಿರದಲ್ಲಿ ಕೆಲವು ಪಾಲು. ಮನೆಯಲ್ಲಿ ಮಾಡಿದ ನೀಲಿ ಕಡ್ಡಿ ಒಂದು ವ್ಯಾಟನ್ನೂ ಮೀರಬಹುದು. ನಡುಹಗಲ ಸೂರ್ಯನನ್ನು ದಿಟ್ಟಿಸಿದಾಗ ಎರಡು ಮಿಲಿಮೀಟರ್ ಅಗಲದ ಕಣ್ಣಪಾಪೆಯೊಳಗೆ ಹೋಗುವ ಬೆಳಕು ಸುಮಾರು ಮೂರು ಮಿಲಿವ್ಯಾಟ್. ಒಂದು ವ್ಯಾಟಿನ ಕಿರಣ ಅದರ ಮುನ್ನೂರು ಪಟ್ಟಿಗೂ ಮಿಗಿಲು. ಸಾಲದುದಕ್ಕೆ, ಕಣ್ಣಿನ ಮಸೂರವು ಅದನ್ನು ಅಕ್ಷಿಪಟಲದ ಮೇಲೆ ಸೂರ್ಯಬಿಂಬಕ್ಕಿಂತ ಕಿರಿದಾದ ಚುಕ್ಕೆಯಾಗಿ ಕೂಡಿಸುತ್ತದೆ. ರೆಪ್ಪೆ ಮುಚ್ಚಲು ಸುಮಾರು ಕಾಲು ಸೆಕೆಂಡು ಬೇಕು. ಅಷ್ಟರೊಳಗೆ ಕೆಡಕು ಆಗಿಹೋಗಿರುತ್ತದೆ. ಅಕ್ಷಿಪಟಲಕ್ಕೆ ನೋವು ತಿಳಿಯದು. ಸುಟ್ಟ ಭಾಗ ಮತ್ತೆ ಬೆಳೆಯದು.

ಇಲ್ಲಿ ಇನ್ನೊಂದು ಮೋಸವಿದೆ. ನಮ್ಮ ಕಣ್ಣು ಹಸಿರನ್ನು ಗ್ರಹಿಸುವಷ್ಟು ಚುರುಕಾಗಿ ನೀಲಿಯನ್ನು ಗ್ರಹಿಸುವುದಿಲ್ಲ. ಆದುದರಿಂದ ನೀಲಿ ಕಿರಣ ತನ್ನ ಬಲಕ್ಕಿಂತ ಮಂಕಾಗಿ ತೋರುತ್ತದೆ. ಕಿಟಕಿಯ ಗಾಜು, ಪಾತ್ರೆಯ ಹೊಳಪುಗಳಿಂದ ಮರಳಿದ ಕಿರಣವೂ ಕಣ್ಣನ್ನು ಕೆಡಿಸಬಲ್ಲದು. ಬಿಸಿಲಿನ ಕಪ್ಪು ಕನ್ನಡಕ ಇದಕ್ಕೆ ರಕ್ಷಣೆಯಲ್ಲ. ಪ್ರಯೋಗಶಾಲೆಗಳಲ್ಲಿ ಆ ಬಣ್ಣಕ್ಕೆಂದೇ ಮಾಡಿದ ಕನ್ನಡಕ ಧರಿಸಿ, ಕಿರಣವನ್ನು ತಡೆಯುವ ಗೋಡೆ ಕಟ್ಟಿಯೇ ಕೆಲಸಕ್ಕೆ ತೊಡಗುತ್ತಾರೆ. ಆಟಕ್ಕೆಂದು ಆಕಾಶಕ್ಕೆ ಹಿಡಿದ ಕಿರಣವು ವಿಮಾನ ನಡೆಸುವವರ ಕಣ್ಣು ಕೋರೈಸಿ ಅನೇಕರ ಜೀವಕ್ಕೆ ಎರವಾಗಬಹುದು.

ವಿಜ್ಞಾನದಲ್ಲಿ ಕುತೂಹಲ ಒಳ್ಳೆಯದೇ. ಆದರೆ ಕಾಲುವೆಗೆ ನೀರು ಬಿಡುವವನು ಮೊದಲು ಏರಿಯನ್ನು ನೋಡಿಕೊಳ್ಳುತ್ತಾನೆ. ಬೆಳಕನ್ನು ಪಳಗಿಸಲು ಹೊರಟವರು ಮೊದಲು ಕಲಿಯಬೇಕಾದುದು ಕಣ್ಣನ್ನು ಕಾಯುವುದನ್ನು.